ಔಟ್‌ಬೋರ್ಡ್ ಮೋಟಾರಿನ ಎಣ್ಣೆ ಎಚ್ಚರಿಕೆ ವ್ಯವಸ್ಥೆ

ಎಣ್ಣೆ ಎಚ್ಚರಿಕೆ ವ್ಯವಸ್ಥೆ ಎಂಬುದು ದೋಣಿಯ ಹಿಂಬದಿಯ ಹಲಗೆಗೆ ಬಿಗಿಯುವ ಔಟ್‌ಬೋರ್ಡ್ ಮೋಟಾರಿನಲ್ಲಿ ಕೀಲೆಣ್ಣೆಯ ಮಟ್ಟ, ಹರಿವು ಅಥವಾ ಒತ್ತಡ ಕಡಿಮೆಯಾದಾಗ ಧ್ವನಿ ಇಲ್ಲವೆ ದೀಪದ ಮೂಲಕ ಚಾಲಕನನ್ನು ಎಚ್ಚರಿಸುವ ಸಾಧನಗಳ ಸಮೂಹ. ಎಣ್ಣೆಯನ್ನು ಪ್ರತ್ಯೇಕ ತೊಟ್ಟಿಯಿಂದ ತಾನಾಗಿಯೇ ಇಂಧನಕ್ಕೆ ಬೆರೆಸಿಕೊಳ್ಳುವ ಟೂ-ಸ್ಟ್ರೋಕ್ ಮೋಟಾರುಗಳು ೧೯೮೦ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಈ ವ್ಯವಸ್ಥೆ ಸಾಮಾನ್ಯವಾಯಿತು. ಫೋರ್-ಸ್ಟ್ರೋಕ್ ಮೋಟಾರುಗಳಲ್ಲಿಯೂ ಇದು ಬೇರೆ ರೂಪದಲ್ಲಿದೆ.

ಹಳೆಯ ಮೋಟಾರಿನಲ್ಲಿ ಎಚ್ಚರಿಕೆಯ ಸದ್ದು ಕೇಳಿಬರಲು ಮುಖ್ಯವಾಗಿ ಎರಡು ಬಗೆಯ ಕಾರಣಗಳಿರುತ್ತವೆ. ಒಂದು, ಎಂಜಿನ್ನಿಗೆ ಎಣ್ಣೆ ನಿಜವಾಗಿಯೂ ತಲುಪದಿರುವುದು. ಇನ್ನೊಂದು, ಎಣ್ಣೆ ಸರಿಯಾಗಿದ್ದರೂ ಅದನ್ನು ಅಳೆಯುವ ಸ್ವಿಚ್ಚು ಅಥವಾ ತಂತಿ ಕೆಟ್ಟಿರುವುದು. ಎರಡೂ ಸಂದರ್ಭಗಳಲ್ಲಿ ಕೇಳುವ ಸದ್ದು ಒಂದೇ. ಇವೆರಡನ್ನು ಪರಸ್ಪರ ಬೇರ್ಪಡಿಸಿ ತಿಳಿಯುವುದೇ ದೋಷಶೋಧನೆಯ ತಿರುಳು. ಸಂವೇದಕವೇ ತಪ್ಪು ಸೂಚನೆ ನೀಡುತ್ತಿದೆ ಎಂದು ಪರೀಕ್ಷೆಯಿಂದ ಸಾಬೀತಾಗುವವರೆಗೆ ಎಣ್ಣೆ ಇಲ್ಲವೆಂದೇ ಭಾವಿಸಿ ನಡೆದುಕೊಳ್ಳುವುದು ಸುರಕ್ಷಿತ ಕ್ರಮವಾಗಿದೆ.

ಹಿನ್ನೆಲೆ

ಅಮೆರಿಕದ ಓಲೆ ಎವಿನ್‌ರೂಡ್ ೧೯೦೯ರಲ್ಲಿ ತನ್ನ ಔಟ್‌ಬೋರ್ಡ್ ಮೋಟಾರನ್ನು ಮಾರಾಟಕ್ಕೆ ತಂದನು. ಅಲ್ಲಿಂದ ಹಲವು ದಶಕಗಳ ಕಾಲ ಈ ಬಗೆಯ ಮೋಟಾರುಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಮಾದರಿಯವೇ ಆಗಿದ್ದವು. ಎಣ್ಣೆಯನ್ನು ಪೆಟ್ರೋಲಿನ ತೊಟ್ಟಿಗೆ ಅಳತೆ ಮಾಡಿ ಸುರಿದು ಕೈಯಿಂದಲೇ ಬೆರೆಸುವುದು ವಾಡಿಕೆಯಾಗಿತ್ತು. ಆರಂಭದ ಮೋಟಾರುಗಳಿಗೆ ಹೆಚ್ಚು ಎಣ್ಣೆ ಬೇಕಾಗುತ್ತಿತ್ತು. ೧೯೬೦ರ ದಶಕದ ಹೊತ್ತಿಗೆ ೫೦:೧ ಪ್ರಮಾಣ, ಅಂದರೆ ಒಂದು ಲೀಟರ್ ಪೆಟ್ರೋಲಿಗೆ ೨೦ ಮಿಲಿಲೀಟರ್ ಎಣ್ಣೆ, ರೂಢಿಗೆ ಬಂದಿತು.

ಕೈಯಿಂದ ಬೆರೆಸುವ ಕ್ರಮದಲ್ಲಿ ಎರಡು ಕೊರತೆಗಳಿದ್ದವು. ಬೆರೆಸಲು ಮರೆತರೆ ಎಂಜಿನ್ ಹಾಳಾಗುತ್ತಿತ್ತು. ನಿಧಾನ ವೇಗದಲ್ಲಿ ಅಗತ್ಯಕ್ಕಿಂತ ಹೆಚ್ಚು ಎಣ್ಣೆ ಉರಿದು ಹೊಗೆ ತುಂಬುತ್ತಿತ್ತು. ಇದಕ್ಕೆ ಪರಿಹಾರವಾಗಿ ಜಾನ್ಸನ್ ಮತ್ತು ಎವಿನ್‌ರೂಡ್ ಮೋಟಾರುಗಳ ತಯಾರಕ ಸಂಸ್ಥೆಯಾದ ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ (ಓಎಂಸಿ) ೧೯೮೪ರಲ್ಲಿ ವಿಆರ್‌ಒ ಎಂಬ ಪಂಪನ್ನು ಪರಿಚಯಿಸಿತು. ಇದು ನಿಧಾನ ವೇಗದಲ್ಲಿ ಸುಮಾರು ೧೫೦:೧ ಪ್ರಮಾಣದಲ್ಲಿಯೂ ಹೆಚ್ಚಿನ ವೇಗದಲ್ಲಿ ೫೦:೧ ಪ್ರಮಾಣದಲ್ಲಿಯೂ ಎಣ್ಣೆ ಬೆರೆಸುತ್ತಿತ್ತು. ಅದೇ ದಶಕದಲ್ಲಿ ಯಮಾಹಾ ಮತ್ತು ಮರ್ಕ್ಯುರಿ ಮೋಟಾರುಗಳಲ್ಲಿಯೂ ತಮ್ಮದೇ ವಿಧಾನದ ಎಣ್ಣೆ ಪಂಪುಗಳು ಬಂದವು.

ಬೆರೆಸುವ ಕೆಲಸವನ್ನು ಯಂತ್ರಕ್ಕೆ ವಹಿಸಿದ ಮೇಲೆ ಆ ಯಂತ್ರ ಕೆಟ್ಟರೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಎಚ್ಚರಿಕೆಯ ಹಾರ್ನ್ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ. ಓಎಂಸಿ ಸಂಸ್ಥೆ ೨೦೦೦ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಎವಿನ್‌ರೂಡ್ ಮೋಟಾರುಗಳ ತಯಾರಿಕೆ ೨೦೨೦ರಲ್ಲಿ ನಿಂತುಹೋಯಿತು. ಆದರೂ ಆ ಕಾಲದ ಮೋಟಾರುಗಳು ಇಂದಿಗೂ ಬಳಕೆಯಲ್ಲಿರುವುದರಿಂದ ಅವುಗಳ ಎಚ್ಚರಿಕೆ ವ್ಯವಸ್ಥೆಯ ತಿಳಿವಳಿಕೆ ಅಗತ್ಯವಾಗಿಯೇ ಉಳಿದಿದೆ.

ಎಣ್ಣೆ ತಪ್ಪಿದಾಗ ಆಗುವ ಹಾನಿ

ಕಾರಿನ ಎಂಜಿನ್ನಿನಲ್ಲಿ ಎಣ್ಣೆ ತಳದ ಪಾತ್ರೆಯಲ್ಲಿ ಸಂಗ್ರಹವಾಗಿದ್ದು ಮತ್ತೆ ಮತ್ತೆ ಸುತ್ತುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಅಂತಹ ಸಂಗ್ರಹವಿಲ್ಲ. ಇಂಧನದೊಡನೆ ಒಳಹೊಕ್ಕ ಎಣ್ಣೆಯು ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳನ್ನೂ ಪಿಸ್ಟನ್ನಿನ ಬದಿಗಳನ್ನೂ ತೊಯ್ಯಿಸಿ, ಬಳಿಕ ಇಂಧನದ ಜೊತೆಗೆ ಉರಿದುಹೋಗುತ್ತದೆ. ಆದ್ದರಿಂದ ಹೊಸ ಎಣ್ಣೆ ಎಡೆಬಿಡದೆ ಬರುತ್ತಿರಬೇಕು. ಪೂರೈಕೆ ನಿಂತರೆ ಲೋಹದ ಮೇಲಿನ ತೆಳುವಾದ ಎಣ್ಣೆಯ ಪದರ ಬೇಗನೆ ತೀರುತ್ತದೆ. ಘರ್ಷಣೆಯಿಂದ ಪಿಸ್ಟನ್ ಕಾದು ಹಿಗ್ಗಿ, ಸಿಲಿಂಡರಿನ ಗೋಡೆಯನ್ನು ಗೀರಿ ಕೊನೆಗೆ ಕಚ್ಚಿಕೊಳ್ಳುತ್ತದೆ. ಹೆಚ್ಚಿನ ವೇಗದಲ್ಲಿ ಈ ಹಾನಿಗೆ ಹೆಚ್ಚು ಸಮಯ ಬೇಕಾಗುವುದಿಲ್ಲ. ಹೀಗೆ ಕಚ್ಚಿಕೊಂಡ ಎಂಜಿನ್ನನ್ನು ನೀರಿನ ಮೇಲೆ ದುರಸ್ತಿ ಮಾಡಲು ಸಾಧ್ಯವಿಲ್ಲ.

ವ್ಯವಸ್ಥೆಯ ಭಾಗಗಳು

ಟೂ-ಸ್ಟ್ರೋಕ್ ಮೋಟಾರಿನ ಎಚ್ಚರಿಕೆ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕೆಳಗಿನ ಭಾಗಗಳಿರುತ್ತವೆ.

- ಎಣ್ಣೆ ತೊಟ್ಟಿ: ಚಿಕ್ಕ ಮೋಟಾರುಗಳಲ್ಲಿ ಎಂಜಿನ್ನಿನ ಮೇಲ್ಹೊದಿಕೆಯ ಒಳಗೇ ಇರುತ್ತದೆ. ದೊಡ್ಡ ಮೋಟಾರುಗಳಿಗೆ ದೋಣಿಯೊಳಗೆ ಪ್ರತ್ಯೇಕ ತೊಟ್ಟಿಯಿರುತ್ತದೆ. ಕೆಲವದರಲ್ಲಿ ಎರಡೂ ಇರುತ್ತವೆ.
- ಫ್ಲೋಟ್ ಸ್ವಿಚ್: ಎಣ್ಣೆಯ ಮೇಲೆ ತೇಲುವ ಬೆಂಡು ಕೆಳಗಿಳಿದಾಗ ಅದರೊಳಗಿನ ಅಯಸ್ಕಾಂತವು ಸ್ವಿಚ್ಚನ್ನು ಚಾಲನೆಗೊಳಿಸುತ್ತದೆ. ಇದು ಮಟ್ಟವನ್ನು ಮಾತ್ರ ತಿಳಿಸುತ್ತದೆ.
- ಹರಿವಿನ ಅಥವಾ ಚಲನೆಯ ಸಂವೇದಕ: ಪಂಪು ನಿಜವಾಗಿ ಎಣ್ಣೆ ತಳ್ಳುತ್ತಿದೆಯೇ ಅಥವಾ ಪಂಪಿನ ದಂಡ ತಿರುಗುತ್ತಿದೆಯೇ ಎಂಬುದನ್ನು ಗಮನಿಸುತ್ತದೆ. ಎಲ್ಲ ಮೋಟಾರುಗಳಲ್ಲಿಯೂ ಇದು ಇರುವುದಿಲ್ಲ.
- ತಾಪ ಸ್ವಿಚ್: ಎಂಜಿನ್ ಅತಿಯಾಗಿ ಕಾದಾಗ ಅದೇ ಹಾರ್ನನ್ನು ಮೊಳಗಿಸುತ್ತದೆ.
- ಹಾರ್ನ್ ಮತ್ತು ತಂತಿಗಳು: ಹಾರ್ನ್ ಸಾಮಾನ್ಯವಾಗಿ ಚಾಲಕನ ನಿಯಂತ್ರಣ ಪೆಟ್ಟಿಗೆಯಲ್ಲಿ ಅಥವಾ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ.

ಅನೇಕ ಹಳೆಯ ಮೋಟಾರುಗಳಲ್ಲಿ ಹಾರ್ನಿಗೆ ಬ್ಯಾಟರಿಯ ವಿದ್ಯುತ್ತು ಇಗ್ನಿಷನ್ ಕೀಲಿಯ ಮೂಲಕ ಸದಾ ದೊರೆಯುತ್ತಿರುತ್ತದೆ. ಸ್ವಿಚ್ಚುಗಳು ಮಾಡುವುದು ಮಂಡಲವನ್ನು ಅರ್ತ್‌ಗೆ ಜೋಡಿಸುವ ಕೆಲಸವನ್ನಷ್ಟೇ. ಆದ್ದರಿಂದ ತಂತಿಯ ಹೊದಿಕೆ ಸವೆದು ಎಂಜಿನ್ನಿನ ಲೋಹಕ್ಕೆ ತಾಗಿದರೂ ಹಾರ್ನ್ ಕೂಗುತ್ತದೆ. ತಂತಿ ತುಂಡಾದರೆ ಎಣ್ಣೆ ಪೂರ್ತಿ ಖಾಲಿಯಾದರೂ ಅದು ಮೌನವಾಗಿರುತ್ತದೆ. ಈ ಎರಡನೆಯ ದೋಷವೇ ಹೆಚ್ಚು ಅಪಾಯಕಾರಿ.

ಧ್ವನಿಯ ಮಾದರಿಗಳು

ಒಂದೇ ಹಾರ್ನ್ ಹಲವು ಸಂಗತಿಗಳನ್ನು ತಿಳಿಸುವುದರಿಂದ ಸದ್ದಿನ ಲಯವನ್ನು ಗುರುತಿಸುವುದು ಮೊದಲ ಹೆಜ್ಜೆ. ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುವುದರಿಂದ ಆಯಾ ಮೋಟಾರಿನ ಕೈಪಿಡಿಯೇ ಅಂತಿಮ ಪ್ರಮಾಣ. ಸಾಮಾನ್ಯವಾಗಿ ಕಾಣುವ ಮಾದರಿಗಳು ಹೀಗಿವೆ.

- ದೀರ್ಘ ಅಂತರದಲ್ಲಿ ಒಂದೊಂದೇ ಚಿಕ್ಕ ಸದ್ದು: ಹಳೆಯ ಓಎಂಸಿ ಮೋಟಾರುಗಳಲ್ಲಿ ತೊಟ್ಟಿಯ ಎಣ್ಣೆ ಸುಮಾರು ಕಾಲು ಭಾಗಕ್ಕೆ ಇಳಿದಿದೆ ಎಂದರ್ಥ. ಎಣ್ಣೆ ತುಂಬಲು ಇನ್ನೂ ಅವಕಾಶವಿದೆ.
- ಬಿಡುವಿಲ್ಲದಂತೆ ಬೇಗಬೇಗನೆ ಬರುವ ಚಿಕ್ಕ ಸದ್ದುಗಳು: ಓಎಂಸಿ ಮೋಟಾರುಗಳಲ್ಲಿ ಪಂಪಿನಿಂದ ಎಣ್ಣೆ ಹರಿಯುತ್ತಿಲ್ಲ ಎಂದರ್ಥ. ತಕ್ಷಣ ಎಂಜಿನ್ ನಿಲ್ಲಿಸಬೇಕು.
- ಎಡೆಬಿಡದ ಒಂದೇ ಸದ್ದು: ಹೆಚ್ಚಿನ ಮೋಟಾರುಗಳಲ್ಲಿ ಎಂಜಿನ್ ಕಾದಿದೆ ಎಂದರ್ಥ. ಇದು ಎಣ್ಣೆಯ ದೋಷವಾಗಿರದೆ ತಂಪುನೀರಿನ ದೋಷವಾಗಿರುವ ಸಂಭವ ಹೆಚ್ಚು.
- ಬಿಟ್ಟು ಬಿಟ್ಟು ಬರುವ ಸದ್ದು: ಮರ್ಕ್ಯುರಿಯ ಹಳೆಯ ಮೋಟಾರುಗಳಲ್ಲಿ ಎಣ್ಣೆಯ ಮಟ್ಟ ಇಳಿದಿರುವುದನ್ನು ಅಥವಾ ಪಂಪಿನ ಚಾಲನೆ ತಪ್ಪಿರುವುದನ್ನು ಸೂಚಿಸುತ್ತದೆ.
- ಕೆಂಪು ದೀಪ, ಬಜರ್ ಹಾಗೂ ತಾನಾಗಿಯೇ ಕುಗ್ಗುವ ವೇಗ: ಯಮಾಹಾದ ದೊಡ್ಡ ಮೋಟಾರುಗಳಲ್ಲಿ ಎಂಜಿನ್ ಮೇಲಿನ ತೊಟ್ಟಿ ಬರಿದಾಗುತ್ತಿದೆ ಎಂದರ್ಥ.

ಕೀಲಿ ತಿರುಗಿಸಿದೊಡನೆ ಒಮ್ಮೆ ಮಾತ್ರ ಕೇಳಿ ನಿಲ್ಲುವ ಸದ್ದು ಹಲವು ಮಾದರಿಗಳಲ್ಲಿ ಹಾರ್ನಿನ ಸ್ವಯಂಪರೀಕ್ಷೆಯಾಗಿರುತ್ತದೆ. ಅದು ದೋಷವಲ್ಲ, ಅಂತಹ ಮೋಟಾರಿನಲ್ಲಿ ಆ ಸದ್ದು ಕೇಳದಿದ್ದರೆ ಮಾತ್ರ ಚಿಂತಿಸಬೇಕು.

ನೀರಿನ ಮೇಲಿರುವಾಗ ಎಚ್ಚರಿಕೆ ಬಂದರೆ

ಮೊದಲು ವೇಗವನ್ನು ಪೂರ್ತಿ ತಗ್ಗಿಸಿ, ಸುರಕ್ಷಿತ ಸ್ಥಳವಾಗಿದ್ದರೆ ಎಂಜಿನ್ನನ್ನು ನಿಲ್ಲಿಸಬೇಕು. ಅಲೆ, ಬಂಡೆ ಅಥವಾ ಬೇರೆ ದೋಣಿಗಳ ಅಪಾಯವಿದ್ದಲ್ಲಿ ಲಂಗರು ಹಾಕಿ ಪರಿಶೀಲಿಸುವುದು ಒಳಿತು. ತಂಪುನೀರು ಹೊರಚಿಮ್ಮುವ ಸಣ್ಣ ಧಾರೆ ಎಂಜಿನ್ ನಿಲ್ಲಿಸುವ ಮುನ್ನ ಸರಿಯಾಗಿ ಬರುತ್ತಿತ್ತೇ ಎಂಬುದನ್ನು ನೆನಪಿನಲ್ಲಿಡಬೇಕು. ಆ ಧಾರೆ ನಿಂತಿದ್ದರೆ ಕಾವಿನ ದೋಷವೆಂದು ಊಹಿಸಬಹುದು.

ಅನಂತರ ತೊಟ್ಟಿಯ ಎಣ್ಣೆಯನ್ನು ಕಣ್ಣಿನಿಂದಲೇ ನೋಡಬೇಕು. ಎರಡು ತೊಟ್ಟಿಗಳಿದ್ದರೆ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮಟ್ಟ ಕಡಿಮೆಯಿದ್ದರೆ ಕೈಪಿಡಿ ಹೇಳುವ ಟೂ-ಸ್ಟ್ರೋಕ್ ಎಣ್ಣೆಯನ್ನು, ಸಾಮಾನ್ಯವಾಗಿ ಟಿಸಿ-ಡಬ್ಲ್ಯು೩ ಗುರುತಿನದನ್ನು, ತುಂಬಬೇಕು. ಮಟ್ಟ ಸರಿಯಿದ್ದೂ ಎಚ್ಚರಿಕೆ ನಿಲ್ಲದಿದ್ದರೆ ಪಂಪನ್ನು ನಂಬದೆ, ಇಂಧನದ ತೊಟ್ಟಿಗೇ ಎಣ್ಣೆ ಬೆರೆಸುವುದು ತೀರ ಸೇರಲು ಇರುವ ಹಳೆಯ ಉಪಾಯ. ೨೫ ಲೀಟರ್ ಪೆಟ್ರೋಲಿಗೆ ಅರ್ಧ ಲೀಟರ್ ಎಣ್ಣೆ ಹಾಕಿದರೆ ೫೦:೧ ಪ್ರಮಾಣವಾಗುತ್ತದೆ. ಪಂಪು ಸರಿಯಾಗಿಯೇ ಇದ್ದಲ್ಲಿ ಎಣ್ಣೆ ಹೆಚ್ಚಾಗಿ ಹೊಗೆ ಬರಬಹುದು, ಸ್ಪಾರ್ಕ್ ಪ್ಲಗ್ಗುಗಳು ಮಸಿ ಹಿಡಿಯಬಹುದು. ಆದರೆ ಎಂಜಿನ್ ಉಳಿಯುತ್ತದೆ. ಹೊಸ ಮಿಶ್ರಣವು ಕೊಳವೆಯ ಮೂಲಕ ಎಂಜಿನ್ನಿಗೆ ತಲುಪಲು ಸ್ವಲ್ಪ ಹೊತ್ತು ಬೇಕಾಗುವುದರಿಂದ ಆರಂಭದಲ್ಲಿ ನಿಧಾನವಾಗಿ ಸಾಗಬೇಕು. ಈ ಕಾರಣದಿಂದ ಎಣ್ಣೆಯ ಒಂದು ಡಬ್ಬಿಯನ್ನೂ ಅಳತೆಯ ಪಾತ್ರೆಯನ್ನೂ ದೋಣಿಯಲ್ಲಿ ಇಟ್ಟುಕೊಳ್ಳುವುದು ಅವಶ್ಯಕ.

ದಡದಲ್ಲಿ ದೋಷಶೋಧನೆ

ಪರೀಕ್ಷೆಯನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಸಬೇಕು. ದಡದಲ್ಲಿ ಎಂಜಿನ್ ಓಡಿಸುವುದಾದರೆ ತಂಪುನೀರಿನ ಪೂರೈಕೆ ಇರಲೇಬೇಕು. ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಹಾಳಾಗುತ್ತವೆ. ಎಣ್ಣೆ ಪಂಪಿನ ಮೇಲೆ ಸಂಶಯವಿರುವ ತನಕ ಎಲ್ಲ ಪರೀಕ್ಷೆಗಳನ್ನೂ ೫೦:೧ ಮಿಶ್ರಣ ಮಾಡಿದ ಇಂಧನದಲ್ಲಿಯೇ ಮಾಡಬೇಕು.

ಹಾರ್ನಿನ ಪರೀಕ್ಷೆ: ಹಳೆಯ ಓಎಂಸಿ ಮೋಟಾರುಗಳಲ್ಲಿ ಕೀಲಿಯನ್ನು ಆನ್ ಸ್ಥಿತಿಗೆ ತಂದು, ಎಂಜಿನ್ ಚಾಲೂ ಮಾಡದೆ, ತಾಪ ಸ್ವಿಚ್ಚಿನ ತಿಳಿಕಂದು ಬಣ್ಣದ ತಂತಿಯನ್ನು ಬಿಡಿಸಿ ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿದರೆ ಹಾರ್ನ್ ಕೂಗಬೇಕು. ಕೂಗದಿದ್ದರೆ ಹಾರ್ನ್, ಫ್ಯೂಸ್ ಅಥವಾ ತಂತಿಯಲ್ಲಿ ದೋಷವಿದೆ. ಕೂಗದ ಹಾರ್ನಿರುವ ದೋಣಿಯನ್ನು ನೀರಿಗಿಳಿಸಬಾರದು.

ಫ್ಲೋಟ್ ಸ್ವಿಚ್ಚಿನ ಪರೀಕ್ಷೆ: ತೊಟ್ಟಿ ತುಂಬಿದ್ದರೂ ಕಡಿಮೆ ಮಟ್ಟದ ಸೂಚನೆ ಬರುತ್ತಿದ್ದರೆ ಸ್ವಿಚ್ಚಿನ ತಂತಿಗಳನ್ನು ಕಳಚಿ ನೋಡಬೇಕು. ಸದ್ದು ನಿಂತರೆ ದೋಷ ಸ್ವಿಚ್ಚಿನಲ್ಲಿದೆ. ನಿಲ್ಲದಿದ್ದರೆ ತಂತಿಯಲ್ಲಿ, ಎಚ್ಚರಿಕೆಯ ಘಟಕದಲ್ಲಿ ಅಥವಾ ಬೇರೊಂದು ಸಂವೇದಕದಲ್ಲಿದೆ. ಕಳಚಿದ ಸ್ವಿಚ್ಚನ್ನು ಮಲ್ಟಿಮೀಟರಿಗೆ ಜೋಡಿಸಿ ಬೆಂಡನ್ನು ಮೇಲೆ ಕೆಳಗೆ ಸರಿಸಿದರೆ ಸಂಪರ್ಕವು ಕೂಡಿ ಬಿಡುವುದು ಕಾಣಬೇಕು. ಹಳೆಯ ಎಣ್ಣೆಯ ಜಿಗುಟಿನಿಂದ ಬೆಂಡು ಸಿಕ್ಕಿಕೊಂಡಿರುವುದೂ ಉಂಟು. ಅಂತಹ ಸಂದರ್ಭದಲ್ಲಿ ಶುಚಿಗೊಳಿಸಿದರೆ ಸಾಕಾಗಬಹುದು.

ತಂತಿಗಳ ಪರೀಕ್ಷೆ: ಉಪ್ಪುನೀರಿನ ತೇವದಿಂದ ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಪ್ರತಿಯೊಂದು ಜೋಡಣೆಯನ್ನೂ ಬಿಡಿಸಿ, ತಿಕ್ಕಿ ಶುಚಿಗೊಳಿಸಿ ಮತ್ತೆ ಬಿಗಿಯಬೇಕು. ಮೇಲ್ಹೊದಿಕೆಯ ಅಂಚಿಗೆ ತಾಗುವ ಕಡೆ ಹೊದಿಕೆ ಸವೆದಿದೆಯೇ ಎಂದು ವಿಶೇಷವಾಗಿ ನೋಡಬೇಕು.

ಹರಿವಿನ ಪರೀಕ್ಷೆ: ಇದು ಎಲ್ಲ ಪರೀಕ್ಷೆಗಳಲ್ಲಿ ಸರಳವಾದುದು, ಹೆಚ್ಚು ವಿಶ್ವಾಸಾರ್ಹವೂ ಹೌದು. ಪಂಪಿಗೆ ಎಣ್ಣೆ ಕೊಡುವ ತೊಟ್ಟಿಯ ಹೊರಮೈ ಮೇಲೆ ಎಣ್ಣೆಯ ಮಟ್ಟಕ್ಕೆ ಸರಿಯಾಗಿ ಅಂಟುಪಟ್ಟಿಯಿಂದ ಗುರುತು ಮಾಡಿ, ಮಿಶ್ರಣದ ಇಂಧನದಲ್ಲಿ ಮೋಟಾರನ್ನು ಓಡಿಸಬೇಕು. ಎಣ್ಣೆಯ ಮಟ್ಟ ಇಳಿಯುತ್ತಿದ್ದು, ಎಲ್ಲಿಯೂ ಸೋರಿಕೆ ಕಾಣದಿದ್ದರೆ ಪಂಪು ಎಣ್ಣೆಯನ್ನು ಎಳೆಯುತ್ತಿದೆ ಎಂದು ತಿಳಿಯಬಹುದು. ಉರಿದ ಇಂಧನದ ಪ್ರಮಾಣಕ್ಕೂ ಇಳಿದ ಎಣ್ಣೆಯ ಪ್ರಮಾಣಕ್ಕೂ ಹೋಲಿಸಿ ನೋಡಿದರೆ ಅನುಪಾತವೂ ತಿಳಿಯುತ್ತದೆ. ಮಟ್ಟ ಕದಲದಿದ್ದರೆ ಹಾರ್ನ್ ಹೇಳಿದ್ದು ನಿಜ. ಎಚ್ಚರಿಕೆಯ ಸಾಧನವನ್ನು ಅವಲಂಬಿಸದೆ ಸತ್ಯವನ್ನು ತಿಳಿಸುವುದೇ ಈ ಪರೀಕ್ಷೆಯ ಮಹತ್ವ.

ತಯಾರಕರ ವಿನ್ಯಾಸಕ್ಕೆ ವಿಶಿಷ್ಟವಾದ ದೋಷಗಳು

ಓಎಂಸಿ: ವಿಆರ್‌ಒ ಪಂಪಿನಲ್ಲಿ ಎಣ್ಣೆ ಮತ್ತು ಇಂಧನದ ಪಂಪುಗಳು ಒಂದೇ ಕವಚದೊಳಗಿರುತ್ತವೆ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತವೇ ಇದನ್ನು ನಡೆಸುತ್ತದೆ. ಎಣ್ಣೆಯ ಕೊಳವೆಯೊಳಕ್ಕೆ ಗಾಳಿ ಸೇರಿದರೆ ಹರಿವು ನಿಲ್ಲುತ್ತದೆ. ಕೊಳವೆಯ ಸಡಿಲ ಪಟ್ಟಿ, ಬಿರುಕು ಬಿಟ್ಟ ಹಳೆಯ ಕೊಳವೆ ಹಾಗೂ ತೊಟ್ಟಿಯ ಎಳೆಗೊಳವೆಯ ತುದಿಯ ಜಾಲರಿಯಲ್ಲಿ ಕಟ್ಟಿಕೊಂಡ ಕೊಳೆ ಇದಕ್ಕೆ ಕಾರಣಗಳಾಗಿರುತ್ತವೆ. ಕೊಳವೆಯನ್ನು ಒಮ್ಮೆ ಕಳಚಿದ ಮೇಲೆ ಗಾಳಿಯನ್ನು ಹೊರದೂಡಿ ಎಣ್ಣೆ ತುಂಬಿಸದೆ ಎಂಜಿನ್ ಓಡಿಸಬಾರದು.

ಮರ್ಕ್ಯುರಿ: ಈ ಸಂಸ್ಥೆಯ ವಿ-೬ ಮೋಟಾರುಗಳಲ್ಲಿ ದೋಣಿಯ ತೊಟ್ಟಿಯಿಂದ ಎಂಜಿನ್ ಮೇಲಿನ ಚಿಕ್ಕ ತೊಟ್ಟಿಗೆ ಎಣ್ಣೆಯನ್ನು ಏರಿಸುವುದು ಕ್ರ್ಯಾಂಕ್‌ಕೇಸಿನ ಗಾಳಿಯ ಒತ್ತಡ. ದೋಣಿಯ ತೊಟ್ಟಿಯ ಮುಚ್ಚಳ ಸಡಿಲವಾಗಿದ್ದರೆ ಅಥವಾ ಅದರ ರಬ್ಬರ್ ಬಳೆ ಸವೆದಿದ್ದರೆ ಒತ್ತಡ ನಿಲ್ಲುವುದಿಲ್ಲ. ಆಗ ದೊಡ್ಡ ತೊಟ್ಟಿ ತುಂಬಿದ್ದರೂ ಚಿಕ್ಕ ತೊಟ್ಟಿ ಬರಿದಾಗುತ್ತ ಬಂದು ಹಾರ್ನ್ ಕೂಗುತ್ತದೆ. ದೊಡ್ಡ ತೊಟ್ಟಿಯನ್ನಷ್ಟೇ ನೋಡಿ ಇದನ್ನು ಸುಳ್ಳು ಎಚ್ಚರಿಕೆ ಎಂದು ತೀರ್ಮಾನಿಸಿದರೆ ಎಂಜಿನ್ ಹಾಳಾಗುತ್ತದೆ. ಇವುಗಳಲ್ಲಿ ಪಂಪನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಗಾಲಿ ಸವೆಯುವುದು ಇನ್ನೊಂದು ದೋಷ. ಆಗ ಎರಡೂ ತೊಟ್ಟಿಗಳು ತುಂಬಿರುತ್ತವೆ, ಫ್ಲೋಟ್ ಸ್ವಿಚ್ಚಿನ ತಂತಿಗಳನ್ನು ಕಳಚಿದರೂ ಸದ್ದು ನಿಲ್ಲುವುದಿಲ್ಲ. ಚಲನೆಯ ಸಂವೇದಕವಿರುವುದು ಈ ದೋಷವನ್ನು ಹಿಡಿಯುವುದಕ್ಕಾಗಿಯೇ.

ಯಮಾಹಾ: ದೊಡ್ಡ ಮಾದರಿಗಳಲ್ಲಿ ವಿದ್ಯುತ್ ಪಂಪೊಂದು ದೋಣಿಯ ತೊಟ್ಟಿಯಿಂದ ಎಂಜಿನ್ ತೊಟ್ಟಿಗೆ ಎಣ್ಣೆ ಸಾಗಿಸುತ್ತದೆ. ಹಸಿರು ದೀಪ ಎಲ್ಲವೂ ಸರಿಯೆಂದೂ, ಹಳದಿ ದೀಪ ದೋಣಿಯ ತೊಟ್ಟಿಯಲ್ಲಿ ಎಣ್ಣೆ ಕಡಿಮೆಯೆಂದೂ, ಕೆಂಪು ದೀಪ ಎಂಜಿನ್ ತೊಟ್ಟಿಯಲ್ಲಿ ಎಣ್ಣೆ ತೀರುತ್ತಿದೆಯೆಂದೂ ತಿಳಿಸುತ್ತವೆ. ದೋಣಿಯ ತೊಟ್ಟಿಯಲ್ಲಿ ಎಣ್ಣೆಯಿದ್ದೂ ಕೆಂಪು ದೀಪ ಬೆಳಗಿದರೆ ವಿದ್ಯುತ್ ಪಂಪು, ಅದರ ತಂತಿ ಅಥವಾ ಮುಚ್ಚಿಹೋದ ಜಾಲರಿಯನ್ನು ಸಂಶಯಿಸಬೇಕು. ಎಂಜಿನ್ನಿನ ಮೇಲಿರುವ ತುರ್ತು ಸ್ವಿಚ್ಚನ್ನು ಒತ್ತಿ ಹಿಡಿದು ಎಣ್ಣೆಯನ್ನು ಸಾಗಿಸಲು ಅವಕಾಶವಿದೆ. ಆ ಸ್ವಿಚ್ಚಿನಿಂದ ಪಂಪು ಓಡಿದರೆ ಪಂಪು ಸರಿಯಿದ್ದು, ಅದಕ್ಕೆ ಆಜ್ಞೆ ನೀಡುವ ಫ್ಲೋಟ್ ಸ್ವಿಚ್ ಅಥವಾ ನಿಯಂತ್ರಣ ಘಟಕದಲ್ಲಿ ದೋಷವಿದೆ ಎಂದು ತಿಳಿಯುತ್ತದೆ.

ಫೋರ್-ಸ್ಟ್ರೋಕ್ ಮೋಟಾರುಗಳಲ್ಲಿ

ಫೋರ್-ಸ್ಟ್ರೋಕ್ ಮೋಟಾರಿನಲ್ಲಿ ಎಣ್ಣೆ ಕಾರಿನಲ್ಲಿರುವಂತೆಯೇ ತಳದಲ್ಲಿ ಸಂಗ್ರಹವಾಗಿ ಸುತ್ತುವುದರಿಂದ ಎಚ್ಚರಿಕೆಯು ಒತ್ತಡದ ಸ್ವಿಚ್ಚನ್ನು ಅವಲಂಬಿಸಿದೆ. ಒತ್ತಡ ಕುಸಿದರೆ ಹಾರ್ನ್ ಕೂಗುತ್ತದೆ. ಹಲವು ಮಾದರಿಗಳಲ್ಲಿ ವೇಗವೂ ತಾನಾಗಿಯೇ ತಗ್ಗುತ್ತದೆ. ಹೋಂಡಾದ ಕೆಲವು ಚಿಕ್ಕ ಮೋಟಾರುಗಳಲ್ಲಿ ಹಸಿರು ದೀಪ ಬೆಳಗುತ್ತಿರುವುದು ಒತ್ತಡ ಸರಿಯಿರುವುದರ ಗುರುತು. ದೀಪ ಆರುವುದೇ ಎಚ್ಚರಿಕೆ.

ಇಲ್ಲಿ ಮೊದಲು ಮೋಟಾರನ್ನು ನೇರವಾಗಿ ನಿಲ್ಲಿಸಿ ಅಳತೆ ಕಡ್ಡಿಯಿಂದ ಎಣ್ಣೆಯ ಮಟ್ಟ ನೋಡಬೇಕು. ಮೋಟಾರು ವಾಲಿದ್ದರೆ ಅಳತೆ ತಪ್ಪಾಗುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಟ್ಟ ಹೆಚ್ಚಿದ್ದು ಪೆಟ್ರೋಲಿನ ವಾಸನೆ ಬರುತ್ತಿದ್ದರೆ ಇಂಧನ ಬೆರೆತಿದೆ. ಮಟ್ಟ ಹಾಗೂ ಗುಣ ಸರಿಯಿದ್ದರೆ ಸ್ವಿಚ್ಚಿನ ಜಾಗದಲ್ಲಿ ಒತ್ತಡಮಾಪಕವನ್ನು ಜೋಡಿಸಿ ನಿಜವಾದ ಒತ್ತಡವನ್ನು ಅಳೆಯಬೇಕು. ಮಾಪಕದಲ್ಲಿ ಒತ್ತಡ ಕೈಪಿಡಿ ಹೇಳಿದಷ್ಟಿದ್ದರೆ ಸ್ವಿಚ್ಚನ್ನು ಬದಲಿಸಿದರೆ ಸಾಕು. ಅಳೆಯದೆ ಸ್ವಿಚ್ಚನ್ನು ಬದಲಿಸುವುದು ಊಹೆಯ ಕೆಲಸವಾಗುತ್ತದೆ.

ಎಚ್ಚರಿಕೆಯನ್ನು ಮೌನಗೊಳಿಸುವ ರೂಢಿ

ಪದೇ ಪದೇ ಬರುವ ಸುಳ್ಳು ಎಚ್ಚರಿಕೆಯಿಂದ ಬೇಸತ್ತು ಹಾರ್ನಿನ ತಂತಿಯನ್ನು ಕತ್ತರಿಸುವ ಮಾಲೀಕರುಂಟು. ಹಾರ್ನ್ ಒಂದೇ ಆಗಿರುವುದರಿಂದ ಎಣ್ಣೆಯ ಸೂಚನೆಯೊಡನೆ ಕಾವಿನ ಸೂಚನೆಯೂ ಇಲ್ಲವಾಗುತ್ತದೆ. ಹಳೆಯ ದೋಣಿಯನ್ನು ಕೊಳ್ಳುವವರು ಹಿಂದಿನ ಮಾಲೀಕರು ಹೀಗೆ ಮಾಡಿರುವರೇ ಎಂಬುದನ್ನು ಹಾರ್ನಿನ ಪರೀಕ್ಷೆಯಿಂದ ತಿಳಿದುಕೊಳ್ಳಬೇಕು.

ಎಣ್ಣೆ ಪಂಪನ್ನೇ ಕೈಬಿಟ್ಟು ಮತ್ತೆ ಕೈಮಿಶ್ರಣಕ್ಕೆ ಮರಳುವುದು ಬೇರೆ ವಿಷಯ. ವಿಆರ್‌ಒ ಪಂಪಿನ ಮೇಲೆ ನಂಬಿಕೆ ಕಳೆದುಕೊಂಡ ಅನೇಕರು ಈ ದಾರಿ ಹಿಡಿದರು. ಸರಿಯಾದ ಕ್ರಮದಲ್ಲಿ ಮಾಡಿದರೆ ಇದರಲ್ಲಿ ತಪ್ಪಿಲ್ಲ. ಆದರೆ ಎಣ್ಣೆಯ ಸಂವೇದಕಗಳನ್ನು ಮಾತ್ರ ಬೇರ್ಪಡಿಸಿ ಕಾವಿನ ಎಚ್ಚರಿಕೆಯನ್ನು ಉಳಿಸಿಕೊಳ್ಳಬೇಕು. ಇಂಧನಕ್ಕೆ ಎಣ್ಣೆ ಬೆರೆಸಬೇಕೆಂಬ ಸ್ಪಷ್ಟ ಬರಹವನ್ನು ತೊಟ್ಟಿಯ ಮುಚ್ಚಳದ ಬಳಿ ಅಂಟಿಸಬೇಕು. ಇಲ್ಲವಾದರೆ ಮುಂದೆ ಬಳಸುವವರು ಬರಿಯ ಪೆಟ್ರೋಲ್ ತುಂಬಿಸಿ ಎಂಜಿನ್ನನ್ನು ಹಾಳುಮಾಡುವ ಸಂಭವವಿದೆ.

ಕರ್ನಾಟಕದ ಕರಾವಳಿಯಲ್ಲಿ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿ ಮೀನುಗಾರರು ಔಟ್‌ಬೋರ್ಡ್ ಮೋಟಾರುಗಳನ್ನು ವ್ಯಾಪಕವಾಗಿ ಬಳಸುತ್ತಾರೆ. ಇವುಗಳಲ್ಲಿ ಸೀಮೆಎಣ್ಣೆಯಿಂದ ಓಡುವ ಟೂ-ಸ್ಟ್ರೋಕ್ ಮೋಟಾರುಗಳು ಬಹಳ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ಬದಲಿಸಿಕೊಳ್ಳುವುದು ಇವುಗಳ ಕ್ರಮ. ಇಂತಹ ಹಲವು ಮಾದರಿಗಳಲ್ಲಿ ಎಣ್ಣೆ ಪಂಪಾಗಲಿ ಎಣ್ಣೆಯ ಎಚ್ಚರಿಕೆಯಾಗಲಿ ಇರುವುದಿಲ್ಲ. ಎರಡು ಇಂಧನಗಳಿಗೂ ಎಣ್ಣೆಯನ್ನು ಕೈಯಿಂದಲೇ ಬೆರೆಸಬೇಕು. ಆದ್ದರಿಂದ ಅಳತೆಯಲ್ಲಿ ತಪ್ಪದಿರುವ ಮೀನುಗಾರನ ಎಚ್ಚರವೇ ಇಲ್ಲಿ ಹಾರ್ನಿನ ಸ್ಥಾನದಲ್ಲಿದೆ.

ಮಳೆಗಾಲದಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ೧೦ ಅಶ್ವಶಕ್ತಿಯವರೆಗಿನ ಮೋಟಾರಿರುವ ನಾಡದೋಣಿಗಳಿಗೆ ವಿನಾಯಿತಿಯಿದೆ. ಕಡಲು ಪ್ರಕ್ಷುಬ್ಧವಾಗಿರುವ ಆ ದಿನಗಳಲ್ಲಿ, ಅದರಲ್ಲಿಯೂ ಅಲೆಗಳು ಒಡೆಯುವ ಅಳಿವೆಯ ಬಾಯಲ್ಲಿ, ಎಂಜಿನ್ ನಿಂತರೆ ದೋಣಿ ಮಗುಚುವ ಅಪಾಯವಿದೆ. ಅಲ್ಲಿ ಎಣ್ಣೆಯ ವಿಷಯ ಯಂತ್ರದ ಬೆಲೆಗಷ್ಟೇ ಸಂಬಂಧಿಸಿರದೆ ಜೀವಕ್ಕೂ ಸಂಬಂಧಿಸಿದೆ.

ನಿರ್ವಹಣೆ

- ಪ್ರತಿ ಬಾರಿ ನೀರಿಗಿಳಿಯುವ ಮುನ್ನ ಎಣ್ಣೆಯ ಮಟ್ಟವನ್ನು ನೋಡುವುದು, ಸ್ವಯಂಪರೀಕ್ಷೆಯಿರುವ ಮೋಟಾರಿನಲ್ಲಿ ಹಾರ್ನಿನ ಸದ್ದನ್ನು ಕೇಳಿಸಿಕೊಳ್ಳುವುದು.
- ಇಂಧನ ತುಂಬಿಸಿದಾಗಲೆಲ್ಲ ಎಣ್ಣೆ ಎಷ್ಟು ಇಳಿದಿದೆ ಎಂದು ಬರೆದಿಡುವುದು. ಬಳಕೆಯಲ್ಲಿ ಏರುಪೇರಾದರೆ ಹಾರ್ನ್ ಕೂಗುವ ಮೊದಲೇ ದೋಷ ತಿಳಿಯುತ್ತದೆ.
- ವರ್ಷಕ್ಕೊಮ್ಮೆ ತೊಟ್ಟಿಯ ತಳದಲ್ಲಿ ಸೇರಿದ ನೀರು ಹಾಗೂ ಕೊಳೆಯನ್ನು ತೆಗೆಯುವುದು, ಜಾಲರಿಯನ್ನು ಶುಚಿಗೊಳಿಸುವುದು.
- ಗಡುಸಾದ ಅಥವಾ ಬಿರುಕು ಬಿಟ್ಟ ಕೊಳವೆಗಳನ್ನೂ ಮುಚ್ಚಳದ ರಬ್ಬರ್ ಬಳೆಗಳನ್ನೂ ಬದಲಿಸುವುದು.
- ಹೊರತೆಗೆದ ಹಳೆಯ ಎಣ್ಣೆಯನ್ನು ನೀರಿಗಾಗಲಿ ಮಣ್ಣಿಗಾಗಲಿ ಚೆಲ್ಲದೆ ಡಬ್ಬಿಯಲ್ಲಿ ಸಂಗ್ರಹಿಸಿ, ಹಳೆಯ ಎಣ್ಣೆ ಸ್ವೀಕರಿಸುವ ಕಡೆಗೆ ತಲುಪಿಸುವುದು.